ಮಂಗನ ಕಾಯಿಲೆ ಪ್ರಾಜೆಕ್ಟು: 1957ಕ್ಕಿಂತ ಹಿಂದಿನದು ಎಲ್ಲಿ ಹುಡುಕೋದು?

ಕೆಳಗಿನಮನೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು, ಬಿ.ಎ. ಕೊನೇ ವರ್ಷ, ಇತಿಹಾಸ. ಇದು ಕಾಲೇಜಿನವರು ಕೊಟ್ಟ ಪ್ರಾಜೆಕ್ಟ್ ಅಲ್ಲ, ನಾನೇ ಹಚ್ಚಿಕೊಂಡಿದ್ದು. ನಲವತ್ತು ಪುಟ ಬರೆಯೋ ಯೋಚನೆ, ಹೆಸರೂ ಸಣ್ಣದಿಟ್ಟಿಲ್ಲ: ‘ಮಲೆನಾಡಿನ ಸಾಂಕ್ರಾಮಿಕ ರೋಗಗಳು: ಸಿಡುಬಿನಿಂದ ಕೋವಿಡ್‌ವರೆಗೆ’. ಎರಡು ತಿಂಗಳು ಓದಿದೆ. ಈಗ ಕೈಯಲ್ಲಿರೋದು ಒಂದು ನೋಟ್‌ಬುಕ್ ತುಂಬಾ ಇಸವಿ, ಅಷ್ಟೇ.

ಶುರುವಾಗಿದ್ದು ನಮ್ಮಜ್ಜಿಯಿಂದ. ಮಂಗನ ಕಾಯಿಲೆ ಬಗ್ಗೆ ಯಾವ ಪುಸ್ತಕ ತೆಗೆದರೂ ‘1957, ಸೊರಬ ತಾಲ್ಲೂಕು, ಕ್ಯಾಸನೂರು ಕಾಡು’ ಅಂತಲೇ ಮೊದಲ ಸಾಲು. ಅದನ್ನೇ ಜೋರಾಗಿ ಓದ್ತಾ ಇದ್ದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, “ಅದಕ್ಕಿಂತ ಮುಂಚೆನೂ ಮುಶ್ಯ ಬೀಳ್ತಿದ್ವು. ನನ್ನ ಅಣ್ಣ ಹೋಗಿದ್ದು ಹಾಗೇ ಅಲ್ದಾ” ಅಂದ್ರು. (ಮುಶ್ಯ ಅಂದ್ರೆ ಕರಿಮೂತಿ ಮಂಗ, ಬೀಳೋದು ಅಂದ್ರೆ ಸಾಯೋದು.) ಯಾವ ವರ್ಷ ಅಂದೆ. “ಜೋಗದಲ್ಲಿ ಕರೆಂಟು ತೆಗೆಯೋಕೆ ಶುರು ಮಾಡಿದ ಮೇಲೆ, ಒಂದೆರಡು ವರ್ಷ.” ಜೋಗದ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ. ಅಂದ್ರೆ 1950ರ ಆಸುಪಾಸು. ದರಗು (ಒಣಗಿದ ಎಲೆ) ಒಟ್ಟೋಕೆ ಅಂತ ಬೆಟ್ಟಕ್ಕೆ ಹೋದ ಹುಡುಗ ಬಂದು ಮಲಗಿದ, ಮೈಕೈ ಮುಟ್ಟಿದ್ರೆ ಕಿರುಚ್ತಿದ್ದ, ಒಂಬತ್ತು ದಿನಕ್ಕೆ ತೀರಿಕೊಂಡ. ಅಜ್ಜಿಗೆ ಆಗ ಆರೋ ಏಳೋ ವರ್ಷ.

ನನ್ನ ಪ್ರಶ್ನೆ: 1957ಕ್ಕಿಂತ ಹಿಂದೆ ಈ ರೋಗ ಇತ್ತು ಅಂತ ತೋರಿಸೋಕೆ ಆಗುತ್ತಾ? ಎಲ್ಲಿ ಹುಡುಕಲಿ? ಒಂದು ಕಚೇರಿಗೆ ಹೋಗಿ ಹಳೇ ಮರಣ ರಿಜಿಸ್ಟರ್ ಕೇಳಿದೆ. ಮೂರು ದಿನ ಅಲೆದಾಡಿಸಿ, ಗೆದ್ದಲು ತಿಂದಿದೆ ಅಂದ್ರು. ಗೆದ್ದಲು ತಿಂದಿದ್ದಾದ್ರೂ ತೋರಿಸಿ ಅಂದೆ, ಅದಕ್ಕೆ ಸಾಹೇಬ್ರ ಪರ್ಮಿಷನ್ ಬೇಕಂತೆ.

ತೀರ್ಥಳ್ಳಿ ಮಾತುಗಾರ

ಸಿಡುಬಿನಿಂದ ಕೋವಿಡ್‌ವರೆಗೆ ನಲವತ್ತು ಪುಟದಲ್ಲಾ! ಒಂದೊಂದು ರೋಗಕ್ಕೆ ಐದು ಪುಟ. ಪ್ಲೇಗಮ್ಮ ಬಂದು ಕನಸಲ್ಲಿ ಜಗಳ ಆಡ್ತಾಳೆ ನೋಡು ತಂಗಿ.

ಹಳೇ ಕಡತ

ಮಾತುಗಾರರು ತಮಾಷೆಗೆ ಹೇಳಿದರೂ ಸರಿಯಾಗೇ ಹೇಳಿದ್ದಾರೆ. ಮೊದಲು ಆ ಶೀರ್ಷಿಕೆಗೆ ಕತ್ತರಿ ಹಾಕಮ್ಮ. ನಾನು ಬೆಂಗಳೂರಲ್ಲಿ ಹಳೇ ದಾಖಲೆಗಳ ಮಧ್ಯೆ ಬದುಕೋನು, ದಿನಾ ಇಂಥದ್ದು ನೋಡ್ತೀನಿ. ದೊಡ್ಡ ಬಲೆ ಬೀಸಿದವರು ಬರೀ ಕೈಲಿ ಮನೆಗೆ ಹೋಗ್ತಾರೆ.

ಪ್ಲೇಗಿಗೆ ಕಾಗದ ಬೇಕಾದಷ್ಟಿದೆ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಬೆಂಗಳೂರಿಗೆ ಬಂತು, ಸರ್ಕಾರ ಬೆಚ್ಚಿಬಿತ್ತು, ಬೆಚ್ಚಿಬಿದ್ದ ಸರ್ಕಾರ ಎಲ್ಲವನ್ನೂ ಬರೆದಿಟ್ಟಿತು. ಬೀರೂರಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದೂ 1899ರಲ್ಲಿ, ಅದರ ಬೆನ್ನಿಗೇ. 1901ರ ಮೈಸೂರು ಜನಗಣತಿ ವರದಿ ಓದು, ಪ್ಲೇಗಿನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತೆ. ಮಲೇರಿಯಾಕ್ಕೂ ಕಾಗದ ಇದೆ. ಮಲೆನಾಡಿನ ಜನಸಂಖ್ಯೆ ಇಳೀತಾ ಇದೆ ಅಂತ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ಮಲೆನಾಡು ಸುಧಾರಣೆ ಅಂತಲೇ ಯೋಜನೆ ಮಾಡಿದ್ರು. ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮೂಡಿಗೆರೆಯಲ್ಲಿ ಮಲೇರಿಯಾ ಕೇಂದ್ರ ತೆರೆದಿದ್ದು 1920ರ ದಶಕದ ಕೊನೆಗೆ.

ಆದರೆ ಹೆಸರೇ ಇಲ್ಲದ ಜ್ವರ ಒಂದು ಕಾಡಂಚಿನ ಹಳ್ಳಿಯಲ್ಲಿ ನಾಲ್ಕು ಜನರನ್ನ ಕೊಂದರೆ ಅದಕ್ಕೆ ಫೈಲು ಹುಟ್ಟಲ್ಲ. ನೀನು ಹುಡುಕ್ತಿರೋದು ಅದು. ರಾಜ್ಯ ಪತ್ರಾಗಾರದಲ್ಲಿ ‘ಮಂಗನ ಕಾಯಿಲೆ, 1950’ ಅಂತ ಕೇಳಿದರೆ ಏನೂ ಸಿಗಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ.

ಸೊರಬದ ಮೇಷ್ಟ್ರು

ಕ್ಯಾಸನೂರು ನಮ್ಮ ಕಡೆಯದು, ಹಾಗಾಗಿ ನಾಲ್ಕು ಮಾತು. ನಾನು ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು, ಈಗ ನಿವೃತ್ತ.

1957ರಲ್ಲಿ ಏನಾಯ್ತು ಅಂತ ಸರಿಯಾಗಿ ನೋಡು ಮಗಾ. ಮುಶ್ಯ ಮತ್ತು ಕೆಂಪು ಮಂಗ ಸಾಯ್ತಾ ಇದ್ವು, ಪಕ್ಕದ ಹಳ್ಳಿಯವರಿಗೆ ಜ್ವರ. ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ 1952ರಲ್ಲೇ ಶುರುವಾಗಿತ್ತು, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ). ಅಲ್ಲಿಂದ ತಂಡ ಬಂತು. ಅವರಿಗಿದ್ದ ಮೊದಲ ಹೆದರಿಕೆ ಹಳದಿ ಜ್ವರದ್ದು. ಅಮೆರಿಕ, ಆಫ್ರಿಕಾದ ಕಡೆ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ರೋಗ ಅದು, ಭಾರತದಲ್ಲಿ ಇರಲೇ ಇಲ್ಲ. ಬಂದುಬಿಟ್ಟರೆ ಕಥೆ ಮುಗೀತು ಅಂತ. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿ ನೋಡಿದರೆ ಅದು ರಷ್ಯಾದ ಕಡೆ ಉಣುಗಿನಿಂದ (ರಕ್ತ ಹೀರೋ ಉಣ್ಣೆ ಹುಳದಿಂದ) ಬರುವ ಮೆದುಳು ಜ್ವರದ ಬಳಗದ್ದು! ಸೈಬೀರಿಯಾದ ಬಳಗದವನು ಸೊರಬಕ್ಕೆ ಹೇಗೆ ಬಂದ?

ಅಂದರೆ 1957 ಅನ್ನೋದು ರೋಗದ ಹುಟ್ಟಿದ ದಿನ ಅಲ್ಲ, ನಾಮಕರಣದ ದಿನ. ನಮ್ಮ ಶಾಲೆಗಳಲ್ಲಿ ಎಷ್ಟೋ ಮಕ್ಕಳ ಜನ್ಮದಿನ ಜೂನ್ 1 ಅಂತ ಇರುತ್ತೆ. ಮೇಷ್ಟ್ರು ಬರೆದಿದ್ದು ಅದು.

ತೀರ್ಥಳ್ಳಿ ಮಾತುಗಾರ

ಹೇಗೆ ಬಂದ ಅಂದ್ರೆ? ಅಮೆರಿಕದವರು ತಂದುಬಿಟ್ಟರು ಮೇಷ್ಟ್ರೇ. ರಾಕ್‌ಫೆಲರ್ ದುಡ್ಡು, ಪುಣೆ ಲ್ಯಾಬು, ಹಕ್ಕಿ ಕಾಲಿಗೆ ಉಂಗುರ... ನಮ್ಮೂರ ಹೋಟೆಲಲ್ಲಿ ಇದನ್ನ ಕೇಳದೆ ದೊಡ್ಡೋನಾದವನು ಯಾರೂ ಇಲ್ಲ.

ಮೈಕ್ರೋಸ್ಕೋಪು

ಈ ಕಥೆಯನ್ನೂ ಪ್ರಾಜೆಕ್ಟಿಗೆ ಸೇರಿಸಿ, ಆದರೆ ಕಥೆಯಾಗಿ ಸೇರಿಸಿ. ಉಂಗುರ ಹಾಕಿದ್ದು ನಿಜ. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದಾ ಅನ್ನೋದೇ ಪ್ರಶ್ನೆ. ಹಕ್ಕಿ ತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳನ್ನ ಹಿಡಿದು ಉಂಗುರ ಹಾಕಿ ಬಿಡ್ತು. 1970ರ ದಶಕದಲ್ಲಿ ಇದೆಲ್ಲ ಜೈವಿಕ ಯುದ್ಧದ ತಯಾರಿ ಅಂತ ಗಲಾಟೆಯಾಗಿ ಸಂಸತ್ತಿನ ಲೆಕ್ಕಪತ್ರ ಸಮಿತಿಯವರೆಗೂ ಹೋಯ್ತು. ಹೋಟೆಲ್ ಮಾತಿನ ಬೇರು ಅಲ್ಲಿದೆ.

ರೋಗ ಹೊರಗಿನಿಂದ ಆಗಷ್ಟೇ ಬಂದದ್ದು ಅನ್ನೋಕೆ ಆಧಾರ ಸಾಲಲ್ಲ. ಇಲ್ಲಿಂದ ಎಷ್ಟೋ ದೂರದ ಕಛ್, ಸೌರಾಷ್ಟ್ರದ ಜನರ ರಕ್ತದಲ್ಲೂ ಈ ವೈರಸ್‌ನ ಅಥವಾ ಇದರ ಹತ್ತಿರದ ಸಂಬಂಧಿಯ ಪ್ರತಿಕಾಯ ಕಂಡಿತ್ತು. 1995ರಲ್ಲಿ ಸೌದಿ ಅರೇಬಿಯಾದ ಜಿದ್ದಾದಲ್ಲಿ ಅಲ್ಖುರ್ಮಾ ಅಂತ ಒಂದು ವೈರಸ್ ಸಿಕ್ಕಿತು, ಅದು ನಮ್ಮ ಕ್ಯಾಸನೂರಿನದರ ಖಾಸಾ ದಾಯಾದಿ. ಇವೆರಡೂ ಎಂದು ಬೇರೆಯಾದವು ಅಂತ ವಂಶವಾಹಿ ಲೆಕ್ಕ ಹಾಕಿದವರಲ್ಲೇ ಒಮ್ಮತ ಇಲ್ಲ. ಒಂದು ಲೆಕ್ಕ 1940ರ ದಶಕಕ್ಕೆ ನಿಲ್ಲುತ್ತೆ, ಇನ್ನೊಂದು ನೂರಾರು ವರ್ಷ ಹಿಂದಕ್ಕೆ ಹೋಗುತ್ತೆ.

ಒಂದು ಊಹೆ, ನನ್ನದೇ. ನಿಮ್ಮಜ್ಜಿಯ ಬಾಲ್ಯದಲ್ಲಿ ಮಲೆನಾಡು ಅಂದ್ರೆ ಚಳಿಜ್ವರ. ಹಳ್ಳದ ಹರಿಯೋ ನೀರಲ್ಲಿ ಮೊಟ್ಟೆ ಇಡೋ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಗೆ ನಮ್ಮ ಬೆಟ್ಟದ ತಪ್ಪಲಿಗಿಂತ ಒಳ್ಳೆ ಜಾಗ ಬೇಕಾ? ಯಾರಿಗೆ ಜ್ವರ ಬಂದರೂ ಅದಕ್ಕೊಂದೇ ಹೆಸರು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, ಗೋಡೆಗೆಲ್ಲಾ ಹೊಡೆದರು, ಚಳಿಜ್ವರ ಇಳೀತು. ಇಳಿದ ಮೇಲೆ ಅದರ ಕೆಳಗಿದ್ದ ಬೇರೆ ಜ್ವರ ಕಣ್ಣಿಗೆ ಬಿದ್ದಿರಬಹುದು. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಹಳೇ ಮಡೇನೂರು ಡ್ಯಾಂ ತಲೆ ಎತ್ತುತ್ತಲ್ಲ, ಹಾಗೆ. ಇದನ್ನ ಸಾಬೀತು ಮಾಡೋಕೆ ಆಗಲ್ಲ. ಕೇಳಬೇಕಾದ ಪ್ರಶ್ನೆಯಂತೂ ಹೌದು.

ಕೆಳಗಿನಮನೆ ಹುಡುಗಿ

ಮಡೇನೂರು ಡ್ಯಾಂ ಹೋಲಿಕೆ ನೋಟ್‌ಬುಕ್ಕಿಗೆ ಹೋಯ್ತು ಸಾರ್. ಕದ್ದಿದ್ದಕ್ಕೆ ಕ್ಷಮೆ ಇರಲಿ.

ಈ ವಾರ ನಾಲ್ಕು ಮನೆಗೆ ಹೋಗಿ ಹಿರಿಯರ ಹತ್ತಿರ ಮಾತಾಡಿಸಿದೆ. ಒಂದು ಎಡವಟ್ಟಾಯ್ತು. ಒಬ್ಬರು ಅಜ್ಜ ಸೊಗಸಾಗಿ ಮುಕ್ಕಾಲು ಗಂಟೆ ಹೇಳಿದ್ರು. ಮನೆಯಲ್ಲಿ ಐದು ಜನಕ್ಕೂ ಒಟ್ಟಿಗೇ ಬಂದಿತ್ತು, ಎಂಟು ದಿನ ಏನೂ ನುಂಗೋಕೆ ಆಗಲಿಲ್ಲ, ಯಾರೂ ಸಾಯಲಿಲ್ಲ, ಕೆನ್ನೆಗೆ ಕೆಮ್ಮಣ್ಣು ಹಚ್ಚಿದ್ವಿ... ಕೆನ್ನೆ ಅಂದಾಗ ನನಗೆ ಹೊಳೀತು. ಅವರು ಹೇಳ್ತಿದ್ದಿದ್ದು ಮಂಗನ ಬಾವು! ನಾನು ಕೇಳಿದ್ದು ಮಂಗನ ಕಾಯಿಲೆ. ರೆಕಾರ್ಡಿಂಗ್ ಅಳಿಸಿಲ್ಲ, ಅಜ್ಜನ ಧ್ವನಿ ಚೆನ್ನಾಗಿದೆ.

ಆಶಾಕ್ಕ

ನಗಬೇಡಿ, ಸರ್ವೆಗೆ ಹೋದಾಗ ನಮಗೂ ಹೀಗಾಗಿದೆ. ‘ಮಂಗನ ಕಾಯಿಲೆ ಬಂದಿತ್ತಾ’ ಅಂತ ಕೇಳಲೇಬೇಡ ತಂಗಿ. ‘ಬೆಟ್ಟಕ್ಕೆ ಹೋಗಿ ಬಂದ ಮೇಲೆ ಜ್ವರ ಬಂದಿತ್ತಾ, ಯಾವ ತಿಂಗಳು, ಸೊಂಟ ಮೀನಖಂಡ ಹಿಡ್ಕೊಂಡಿತ್ತಾ, ಕಣ್ಣು ಕೆಂಪಾಗಿತ್ತಾ, ವಸಡಲ್ಲಿ ಮೂಗಲ್ಲಿ ರಕ್ತ ಬಂತಾ, ಜ್ವರ ಬಿಟ್ಟು ಎರಡು ವಾರಕ್ಕೆ ಮತ್ತೆ ಬಂತಾ’ ಅಂತ ಒಂದೊಂದೇ ಕೇಳು. ಆ ಎರಡನೇ ಸಲದ ಜ್ವರ ಎಲ್ಲರಿಗೂ ಬರಲ್ಲ, ಬಂದವರಿಗೆ ತಲೆನೋವು, ಕೈನಡುಕ, ಕತ್ತು ಬಿಗಿತ ಇರುತ್ತೆ. ಗುರುತು ಸಿಗೋದು ಅಲ್ಲೇ.

ತಿಂಗಳು ಮುಖ್ಯ. ನಮ್ಮ ಕೆಲಸ ಶುರುವಾಗೋದು ಡಿಸೆಂಬರಲ್ಲಿ, ಮೇ ತಿಂಗಳ ಮಳೆ ಬೀಳೋವರೆಗೆ ಉಸಿರು ಬಿಡೋ ಹಾಗಿಲ್ಲ. ಮಳೆಗಾಲದಲ್ಲಿ ದನದ ಕಿವಿಯಲ್ಲಿ ದಪ್ಪ ದಪ್ಪ ಉಣುಗು ಇರುತ್ತಲ್ಲ, ಅದು ನಮ್ಮನ್ನ ಕಚ್ಚೋದು ಕಮ್ಮಿ. ಚಳಿ ಬಿದ್ದ ಮೇಲೆ ಬರೋ ಮರಿ ಉಣುಗು, ಸಾಸಿವೆಗಿಂತ ಸಣ್ಣದು, ಒಣಗಿದ ಎಲೆ ತುದಿಯಲ್ಲಿ ಕೂತಿರುತ್ತೆ. ಕಚ್ಚಿದ್ದೂ ಗೊತ್ತಾಗಲ್ಲ. ಸಂಜೆ ಸ್ನಾನಕ್ಕೆ ಕೂತಾಗ ಲಂಗದ ಲಾಡಿ ಕಟ್ಟೋ ಜಾಗದಲ್ಲಿ ಮಚ್ಚೆ ಥರ ಸಿಗುತ್ತೆ. ಕೆರೆದರೆ ಮಚ್ಚೆ ನಡೀತದೆ!

ಮಂಗ ಸತ್ತಿದೆ ಅಂತ ಫೋನ್ ಬಂದರೆ ಅದರ ಸುತ್ತಲೂ ಉಣುಗು ಸಾಯೋ ಪುಡಿ ಹೊಡೀಬೇಕು. ಯಾಕೆ ಗೊತ್ತಾ, ಮಂಗನ ಮೈ ತಣ್ಣಗಾದ ತಕ್ಷಣ ಅದರ ಮೈಮೇಲಿನ ಉಣುಗೆಲ್ಲ ಇಳಿದು ಬೇರೆ ಮೈ ಹುಡುಕ್ತವೆ. ಹುಡುಗರು ಕುತೂಹಲಕ್ಕೆ ಹತ್ತಿರ ಹೋಗ್ತಾರೆ, ಅಲ್ಲೇ ಆಗೋದು.

ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡಿಎಂಪಿ ಎಣ್ಣೆ ಹಂಚಿ ಹಂಚಿ ನನ್ನ ಬ್ಯಾಗೇ ಆ ವಾಸನೆ. ಈಗ ಅದರ ಬದಲು ಡೆಪಾ ಅನ್ನೋ ಎಣ್ಣೆ ಬಂದಿದೆ. ಹಚ್ಚಿಕೊಳ್ಳಿ ಅಂದ್ರೆ ಗಂಡಸರು ‘ಬೆವರಿದ್ರೆ ಉರಿತದೆ’ ಅಂತಾರೆ, ಬಾಟ್ಲಿ ಮಾಡಿನ ಸಂದಿಯಲ್ಲಿ ಸಿಕ್ಕಿಸಿ ಇಡ್ತಾರೆ. ಒಂದು ಮನೇಲಿ ಮೂರು ವರ್ಷದ ಬಾಟ್ಲಿ ಸಾಲಾಗಿ ಇತ್ತು, ಒಂದರದ್ದೂ ಸೀಲ್ ಒಡೆದಿರಲಿಲ್ಲ. ಅದನ್ನೂ ಬರಿ.

ಸಿಗಂದೂರು ಲಾಂಚ್

ಎಲ್ಲ ಉಣುಗು, ಮಂಗ, ವೈರಸ್ ಅಂತಲೇ ಮಾತಾಡ್ತಿದ್ದೀರಿ. ಬೆಟ್ಟಕ್ಕೆ ಹೋಗೋರು ಯಾರು ಅನ್ನೋದನ್ನೂ ಸ್ವಲ್ಪ ಕೇಳಿ. ನಮ್ಮದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಗದ್ದೆ, ಮನೆ ಬಿಟ್ಟು ಲಾರಿ ಹತ್ತಿದವರು. ತಂದು ಇಳಿಸಿದ್ದು ಕಾಡಿನ ನಡುವೆ. ಕಡಿದು, ಸುಟ್ಟು, ಮನೆ ಕಟ್ಟಿಕೋ ಅಂದ್ರು. ದನಾನೂ ಕಾಡಲ್ಲೇ ಮೇಯಬೇಕು. ಸೌದೆ, ಸೊಪ್ಪು, ದರಗು ಎಲ್ಲಾ ಅಲ್ಲಿಂದಲೇ. ತೋಟದ ಸಾಹುಕಾರರ ಮನೆಯಲ್ಲಿ ಈ ಕಾಯಿಲೆ ಎಷ್ಟು ಕೇಳಿದ್ದೀರಿ? ಅವರ ಕೊಟ್ಟಿಗೆಗೆ ದರಗು ಹೊತ್ತು ತರೋರ ಮನೆಯಲ್ಲಿ ಎಷ್ಟು?

ಬೆಳ್ತಂಗಡಿ ಕಡೆ 1983ರ ಹೊತ್ತಿಗೆ ಅಷ್ಟು ಜನಕ್ಕೆ ಬಂತಲ್ಲ, ಅಲ್ಲೂ ಗೇರು ಹಾಕೋಕೆ ಅಂತ ಕಾಡು ಕಡಿದಿದ್ದರು. ಕಡಿದವರು ಕೂಲಿಯವರು.

ಮೈಕ್ರೋಸ್ಕೋಪು

ಒಪ್ಪುತ್ತೇನೆ. ಕಾಡಿನ ಒಳಗಿಗಿಂತ ಕಾಡು-ಗದ್ದೆ ಕೂಡುವ ಅಂಚಿನಲ್ಲಿ ಅಪಾಯ ಹೆಚ್ಚು ಅಂತಲೇ ಅಧ್ಯಯನಗಳೂ ಹೇಳ್ತಿವೆ. ದನ ಹೆಚ್ಚಾದಷ್ಟೂ ದೊಡ್ಡ ಉಣುಗಿಗೆ ಊಟ ಹೆಚ್ಚು. ದನಕ್ಕೆ ಕಾಯಿಲೆ ಬರಲ್ಲ, ಅದು ಉಣುಗಿನ ಸಂತತಿ ಸಾಕುತ್ತೆ ಅಷ್ಟೇ.

ಇನ್ನೊಂದು, ಶಬ್ದದ ವಿಚಾರ. ಇದು ಸಾಂಕ್ರಾಮಿಕ ಹೌದು, ಅಂಟುಜಾಡ್ಯ ಅಲ್ಲ. ಮನುಷ್ಯನಿಂದ ಮನುಷ್ಯನಿಗೆ ಹರಡಲ್ಲ, ನಮ್ಮ ಮೈಗೆ ಬಂದರೆ ವೈರಸ್‌ಗೆ ಅಲ್ಲಿಗೇ ದಾರಿ ಬಂದ್. ಪ್ಲೇಗು, ಕೋವಿಡ್ ಜೊತೆ ಒಂದೇ ಅಧ್ಯಾಯದಲ್ಲಿ ಇದನ್ನ ಹಾಕಿದರೆ ಓದುವವರಿಗೆ ಎಲ್ಲ ಒಂದೇ ಅನ್ನಿಸುತ್ತೆ.

ಆಶಾಕ್ಕ

ಅಯ್ಯೋ, ಇದನ್ನ ದಪ್ಪಕ್ಷರದಲ್ಲಿ ಬರಿ. 2018ರ ಡಿಸೆಂಬರಲ್ಲಿ ಅರಳಗೋಡಲ್ಲಿ ಶುರುವಾಯ್ತಲ್ಲ, ಆ ವರ್ಷ ಆ ಕಡೆ ಊರಿನವರು ಅಂದ್ರೆ ಬಸ್ಸಲ್ಲಿ ಪಕ್ಕ ಕೂರೋಕೆ ಹಿಂಜರಿದವರನ್ನ ನಾನೇ ನೋಡಿದ್ದೀನಿ.

ತೀರ್ಥಳ್ಳಿ ಮಾತುಗಾರ

ಸಾಗರ ತಾಲ್ಲೂಕು ಅಂದಮೇಲೆ ಹಂದಿಗೋಡು ಕಾಯಿಲೆನೂ ಸೇರಿಸು. ಅದೂ ನಮ್ಮ ಜಿಲ್ಲೆಯ ಊರಿನ ಹೆಸರು ಹೊತ್ತದ್ದೇ.

ಹಳೇ ಕಡತ

ಸೇರಿಸಬೇಡಿ. 1970ರ ದಶಕದ ಮಧ್ಯದಲ್ಲಿ ಹಂದಿಗೋಡು ಸುದ್ದಿಯಾದಾಗ ಗದ್ದೆಯ ಏಡಿ ತಿಂದಿದ್ದಕ್ಕೆ, ಕೀಟನಾಶಕಕ್ಕೆ ಅಂತೆಲ್ಲ ಅನುಮಾನ ಪಟ್ಟಿದ್ದರು. ಅದು ಸೋಂಕಲ್ಲ, ಮೂಳೆ-ಕೀಲಿನ ರೋಗ, ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವಂಥದ್ದು. ಆದರೆ ಅಲ್ಲೂ ನರಳಿದವರು ಹೆಚ್ಚಾಗಿ ದಲಿತ ಕೂಲಿ ಕುಟುಂಬಗಳೇ, ಲಾಂಚ್ ಹೇಳಿದ ಮಾತು ಅಲ್ಲಿಗೂ ಸಲ್ಲುತ್ತೆ.

ಸಿಗಂದೂರು ಲಾಂಚ್

ಲಸಿಕೆ ಬಗ್ಗೆ ಒಂದು ಅಧ್ಯಾಯ ಇರಲಿ. ನಮ್ಮಪ್ಪ ಮೂರು ಸಲ ಚುಚ್ಚಿಸಿಕೊಂಡರು, ತೋಳು ಕಲ್ಲಿನ ಹಾಗೆ ಗಟ್ಟಿಯಾಗಿ ಎರಡು ದಿನ ಕೂಲಿ ತಪ್ಪಿತು. ನಾಲ್ಕನೇ ವರ್ಷ ‘ನಂಗೆ ಸಾಕು’ ಅಂದ್ರು. ಆ ವರ್ಷವೇ ಬಂತು. ಬದುಕಿದರು ಅನ್ನಿ.

ಮೈಕ್ರೋಸ್ಕೋಪು

ಲಸಿಕೆಯದು ಒಳ್ಳೇ ಕಥೆ. ಮೊದಲು ರಷ್ಯಾದ ಕಡೆಯ ರೋಗದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದ್ದರು, ನಾಟಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಮಾಡಿದ್ದು ಬಂತು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮುಂದೆ ವರ್ಷಕ್ಕೊಂದು. ಕೂಲಿ ಮಾಡೋರಿಗೆ ಅಷ್ಟು ಸಲ ತೋಳು ಕೊಡು ಅನ್ನೋದು ಸಣ್ಣ ಮಾತಲ್ಲ. 2005ರಿಂದ 2010ರ ಅಂಕಿ ನೋಡಿದ ಅಧ್ಯಯನವೊಂದರಲ್ಲಿ ಎರಡು ಡೋಸಿನ ಪರಿಣಾಮ ಸುಮಾರು ಶೇ 62, ಬೂಸ್ಟರೂ ತಗೊಂಡವರಲ್ಲಿ ಸುಮಾರು ಶೇ 83. ಬೂಸ್ಟರ್‌ವರೆಗೆ ಬಂದವರೇ ಕಮ್ಮಿ. ಪರಿಣಾಮ ಸಾಲದು ಅಂತ 2022ರಲ್ಲಿ ಕೊಡೋದನ್ನೇ ನಿಲ್ಲಿಸಿದರು.

ಹಳೇ ಕಡತ

ಹುಡುಗೀ, ನಿನ್ನ ವಿಷಯ ಎಲ್ಲಿಂದ ಎಲ್ಲಿಗೋ ಹೋಗ್ತಿದೆ. ನನ್ನ ಸಲಹೆ ಒಂದೇ: ಒಂದು ಊರು ಹಿಡಿ. ನಿಮ್ಮೂರೇ ಇರಲಿ. ರೋಗ ಇತ್ತಾ ಇಲ್ವಾ ಅಂತ ತೀರ್ಪು ಕೊಡೋಕೆ ಹೋಗಬೇಡ, ಅದಕ್ಕೆ ರಕ್ತ ಬೇಕು, ನಿನ್ನ ಹತ್ತಿರ ಇರೋದು ಕಾಗದ. ಜ್ವರ ಅಂತ ಏನೇನು ಬರೆದಿಟ್ಟಿದ್ದಾರೆ, ಯಾರು ಬರೆದರು, ಯಾವ ತಿಂಗಳು, ಅಷ್ಟನ್ನ ಜೋಡಿಸು. ಬದುಕಿರೋ ಕುಟುಂಬದವರ ಹೆಸರು ಅವರನ್ನ ಕೇಳದೆ ಹಾಕಬೇಡ.

ಸೊರಬದ ಮೇಷ್ಟ್ರು

ಮರಣ ರಿಜಿಸ್ಟರ್ ಗೆದ್ದಲು ತಿಂದಿದ್ದರೆ ತಿನ್ನಲಿ. ನಿಮ್ಮೂರ ಶಾಲೆ ಎಷ್ಟು ವರ್ಷದ್ದು? ಹಳೇದಾದರೆ ಬೀರುವಿನ ಮೇಲೆ ಬಟ್ಟೆಯಲ್ಲಿ ಕಟ್ಟಿಟ್ಟ ಹಾಜರಿ ಪುಸ್ತಕ ಇರಬಹುದು. ದಾಖಲಾತಿ ಪುಸ್ತಕವಂತೂ ಇದ್ದೇ ಇರುತ್ತೆ, ಅದನ್ನ ಯಾರೂ ಎಸೆಯೋ ಹಾಗಿಲ್ಲ. ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಬರೆದುಕೊಂಡು ಹೋಗು. ಅರ್ಜಿ ನೋಡಿದರೆ ಮೇಷ್ಟ್ರುಗಳು ಕರಗಿ ಹೋಗ್ತೀವಿ.

ಕೆಳಗಿನಮನೆ ಹುಡುಗಿ

ಮೇಷ್ಟ್ರೇ! ಸಿಕ್ತು! ಅರ್ಜಿಗೆ ನಿಜವಾಗಲೂ ಕರಗಿದ್ರು, ಕಾಫಿನೂ ಕೊಟ್ರು. ಹಾಜರಿ ಪುಸ್ತಕ ಎಲ್ಲ ವರ್ಷದ್ದೂ ಇಲ್ಲ. 1949ರಿಂದ 52ರವರೆಗಿನವು ಇವೆ, ಅಂಚು ಸವೆದಿದೆ. ಗೈರಾದ ದಿನಕ್ಕೆ ಸೊನ್ನೆ ಹಾಕಿದ್ದಾರೆ. ಎರಡು ದಿನ ಕೂತು ಎಣಿಸಿದೆ. ಡಿಸೆಂಬರ್, ಜನವರಿಯಲ್ಲಿ ಸೊನ್ನೆಯೋ ಸೊನ್ನೆ! ಅರ್ಧ ಶಾಲೆಯೇ ಇಲ್ಲ. ಆಶಾಕ್ಕ ಹೇಳಿದ ತಿಂಗಳೇ ಸರಿಯಾಗಿ. ಕೈ ನಡುಗಿತು.

ಸೊರಬದ ಮೇಷ್ಟ್ರು

ಕೈ ನಡುಗಿಸಿಕೊಳ್ಳಬೇಡ ಮಗಾ. ಅದು ಕೊನೆಕೊಯ್ಲು. ಅಡಿಕೆ ಸುಲಿಯೋ ಕಾಲದಲ್ಲಿ ಯಾವ ಮಕ್ಕಳು ಶಾಲೆಗೆ ಬರ್ತಿದ್ವು? ನನ್ನ ಕಾಲದಲ್ಲೂ ಅಷ್ಟೇ, ಮೆಟ್ಟುಗತ್ತಿ ಮುಂದೆ ಕೂತಿರ್ತಿದ್ವು. ಫೆಬ್ರವರಿ ಮೇಲಿನದ್ದು ನೋಡು. ಯಾವ ವರ್ಷ ಸಾಗರದ ಮಾರಿಜಾತ್ರೆ ಇತ್ತು ಅಂತ ಕೇಳಿ ತಿಳಿದು ಅದನ್ನೂ ಕಳೆ. ಒಂದೇ ಸಲ ಇಡೀ ತರಗತಿ ಗೈರಾದರೆ ಅದು ಜಾತ್ರೆ, ಇಲ್ಲ ಮದುವೆ. ಒಂದೇ ಮಗು ಇಪ್ಪತ್ತು ದಿನ ಸಾಲಾಗಿ ಬಾರದಿದ್ದರೆ ಅದನ್ನ ಬರೆದುಕೋ.

ತೀರ್ಥಳ್ಳಿ ಮಾತುಗಾರ

ಅಡಿಕೆ ಸುಲಿದಿದ್ದೂ ಸಾಂಕ್ರಾಮಿಕ ರೋಗದ ಲೆಕ್ಕಕ್ಕೆ ಹೋಗಿಬಿಡ್ತಿತ್ತು ಮಾರಾಯ್ರೆ!

ಕೆಳಗಿನಮನೆ ಹುಡುಗಿ

ಹೋಗ್ತಿತ್ತು, ಒಂದು ಗ್ರಾಫ್ ಬೇರೆ ಮಾಡಿಟ್ಟಿದ್ದೆ.

ಕೊಯ್ಲು ಕಳೆದೆ, ಜಾತ್ರೆ ಕಳೆದೆ. ಮೂರು ವರ್ಷದಲ್ಲಿ ಉಳಿದಿದ್ದು ಆರು ಹೆಸರು. ಐದು ಜನ ಏಪ್ರಿಲ್ ಹೊತ್ತಿಗೆ ವಾಪಸ್ ಬಂದಿದ್ದಾರೆ. ಒಬ್ಬನ ಹೆಸರಿನ ಮುಂದೆ ಫೆಬ್ರವರಿ ಕೊನೆಯಿಂದ ಸೊನ್ನೆ, ಆಮೇಲೆ ಸೊನ್ನೆಯೂ ನಿಂತು ಗೆರೆ ಎಳೆದಿದ್ದಾರೆ. ಮುಂದಿನ ವರ್ಷದ ಪುಸ್ತಕದಲ್ಲಿ ಆ ಹೆಸರಿಲ್ಲ. ಮನೆ ಹೆಸರು ಕೆಳಗಿನಮನೆ.

ಸೊರಬದ ಮೇಷ್ಟ್ರು

ದಾಖಲಾತಿ ಪುಸ್ತಕ ತೆಗೆಸು. ಕೊನೆಯ ಕಾಲಂ, ಶಾಲೆ ಬಿಟ್ಟ ಕಾರಣ ಅಂತ ಇರುತ್ತೆ.

ಕೆಳಗಿನಮನೆ ಹುಡುಗಿ

‘ಜ್ವರದಿಂದ ಮೃತ’ ಅಂತ ಬರೆದಿದೆ. ಯಾವ ಜ್ವರ ಅಂತಿಲ್ಲ. ತಾರೀಖು ಮಾರ್ಚ್ 11. ಚಳಿಜ್ವರವೂ ಇರಬಹುದು, ಮೈಕ್ರೋಸ್ಕೋಪು ಸಾರ್, ನೀವು ಹೇಳೋಕೆ ಮುಂಚೆ ನಾನೇ ಹೇಳ್ತಿದ್ದೀನಿ. ಪ್ರಾಜೆಕ್ಟಲ್ಲೂ ಹಾಗೇ ಬರೀತೀನಿ.

ಆ ಪುಟದ ಫೋಟೋ ಮೊಬೈಲಲ್ಲಿ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. ಅಜ್ಜಿಗೆ ಓದೋಕೆ ಬರಲ್ಲ. ಎಷ್ಟೋ ಹೊತ್ತು ನೋಡಿದ್ರು. ಆಮೇಲೆ ಕೇಳಿದ್ರು, “ಅಕ್ಷರ ದುಂಡಗೆ ಬರೆದಿದ್ದಾರಾ?”

ಹೌದು ಅಂದೆ.